ಮೊದಲು ನೆರೆಮನೆ, ಆಮೇಲೆ ದೇವಾಲಯ: ಕೋಬೆಯ ತಕಾತೊರಿ ಧರ್ಮಕೇಂದ್ರ

ನಮ್ಮ ಧರ್ಮಕೇಂದ್ರದ ಸ್ಮರಣ ಸಂಚಿಕೆಯಲ್ಲಿ ದೂರದೇಶದ ಇನ್ನೊಂದು ಧರ್ಮಕೇಂದ್ರದ ಚರಿತ್ರೆ ಬರೆಯಲು ಕಾರಣವಿದೆ. ದೇವಾಲಯ ಕಟ್ಟಿಸುವ ಬಗ್ಗೆ ನಾವು ಸಾಕಷ್ಟು ಮಾತಾಡಿದ್ದೇವೆ. ಇದ್ದ ದೇವಾಲಯವೇ ಸುಟ್ಟುಹೋದರೆ ಭಕ್ತರ ಮೊದಲ ಕೆಲಸ ಯಾವುದು? ಜಪಾನಿನ ಕೋಬೆ ನಗರದ ತಕಾತೊರಿ ಕಥೋಲಿಕ ಚರ್ಚು ಈ ಪ್ರಶ್ನೆಗೆ ಬದುಕಿ ಉತ್ತರ ಕೊಟ್ಟಿತು.

1995ರ ಜನವರಿ 17, ಬೆಳಗಿನ ಜಾವ 5 ಗಂಟೆ 46 ನಿಮಿಷಕ್ಕೆ ಕೋಬೆಯಲ್ಲಿ ಭೂಮಿ ನಡುಗಿತು. ಸತ್ತವರು 6,434 ಮಂದಿ. ತಕಾತೊರಿ ಚರ್ಚು ಇರುವ ನಗತಾ ವಾರ್ಡು ದುಡಿಯುವವರ ಬೀಡು. ಕೃತಕ ಚರ್ಮದ ಶೂ ತಯಾರಿಸುವ ಸಣ್ಣ ಕಾರ್ಖಾನೆಗಳು, ಅವಕ್ಕೆ ಒತ್ತಿಕೊಂಡ ಮರದ ಮನೆಗಳು, ಇಕ್ಕಟ್ಟಿನ ಓಣಿಗಳು. ತಲೆಮಾರುಗಳಿಂದ ಅಲ್ಲೇ ಬಾಳಿದ ಕೊರಿಯನ್ನರು, ನಿರಾಶ್ರಿತರಾಗಿ ಬಂದ ವಿಯೆಟ್ನಾಮಿನವರು ಅಲ್ಲಿ ಜಪಾನೀಯರ ಜೊತೆ ಒಂದೇ ಓಣಿಯಲ್ಲಿದ್ದರು. ಹೆಂಚಿನ ಭಾರಕ್ಕೆ ಮನೆಗಳು ಕುಸಿದವು. ಬೆನ್ನಿಗೇ ಬೆಂಕಿ ಹತ್ತಿತು. ನೀರಿನ ಕೊಳವೆಗಳು ಒಡೆದಿದ್ದರಿಂದ ಅಗ್ನಿಶಾಮಕದವರ ಕೈಗೆ ನೀರಿಲ್ಲ. ಕಾರ್ಖಾನೆಗಳ ರಬ್ಬರು, ಅಂಟು ಉರಿಗೆ ಇಂಬಾದವು. ಓಣಿಗಳ ಜೊತೆ ಚರ್ಚೂ ಬೂದಿಯಾಯಿತು. ಅಂಗಳದಲ್ಲಿದ್ದ ಯೇಸುಸ್ವಾಮಿಯ ಪ್ರತಿಮೆ ಮಾತ್ರ ಕೈ ಚಾಚಿದಂತೆಯೇ ನಿಂತಿತ್ತು.

ಅನೇಕರು ಇದನ್ನು ಪವಾಡವೆಂದರು. ಪಕ್ಕದ ಮನೆಯಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಿಯ ಎದುರು ನಿಂತು ಆ ಮಾತಾಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಪ್ರತಿಮೆಯ ಸುತ್ತ ಆಮೇಲೆ ನಡೆದ ಕೆಲಸವೇ ನನಗೆ ದೊಡ್ಡದು.

ಭೂಕಂಪ ಬಿಟ್ಟುಹೋದ ಅವಶೇಷ ಸುಮಾರು 2 ಕೋಟಿ ಟನ್. ಅದನ್ನು ಸಾಗಿಸಲು ಯಂತ್ರಗಳು ಬೇಕೇ ಬೇಕು. ಆದರೆ ಯಂತ್ರದ ಬಾಯಿಗೆ ಹೋಗುವ ಮುನ್ನ ಒಂದೊಂದು ಮನೆಯ ರಾಶಿಯನ್ನೂ ಕೈಯಿಂದ ಕೆದಕಬೇಕು. ಮದುವೆಯ ಫೋಟೊ, ಬ್ಯಾಂಕಿನ ಪುಸ್ತಕ, ಬೌದ್ಧ ಮನೆಗಳಲ್ಲಿ ತೀರಿಹೋದ ಹಿರಿಯರ ಹೆಸರು ಬರೆದಿಡುವ ಫಲಕ: ಮನೆಯವರು ಬೂದಿಯಲ್ಲಿ ಹುಡುಕುತ್ತಿದ್ದದ್ದು ಇವನ್ನು. ಆ ಒಂದು ವರ್ಷದಲ್ಲಿ ಕೋಬೆಯ ಸುತ್ತಮುತ್ತ ದುಡಿದ ಸ್ವಯಂಸೇವಕರ ಲೆಕ್ಕ 13 ಲಕ್ಷ ದಾಟಿತು. ಜಪಾನೀಯರು 1995ನ್ನು ಸ್ವಯಂಸೇವೆಯ ಮೊದಲ ವರ್ಷವೆಂದೇ ಎಣಿಸುತ್ತಾರೆ. ತಕಾತೊರಿಯ ಸುಟ್ಟ ಅಂಗಳವನ್ನು ಗುಡಿಸಿ, ಡೇರೆ ಹಾಕಿ, ಧರ್ಮಕೇಂದ್ರದ ಗುರು ಫಾದರ್ ಹಿರೋಶಿ ಕಾಂದಾ ಅದನ್ನು ಪರಿಹಾರ ಶಿಬಿರವಾಗಿ ತೆರೆದಿಟ್ಟರು. ಬಂದವರಲ್ಲಿ ಕ್ರೈಸ್ತರಲ್ಲದವರು, ಯಾವ ದೇವರನ್ನೂ ನಂಬದ ವಿದ್ಯಾರ್ಥಿಗಳು ಇದ್ದರು. ನೆರೆಯವನ ಮನೆಯ ಬೂದಿ ಎತ್ತುವುದು ಪ್ರಾರ್ಥನೆಗಿಂತ ಕಡಿಮೆಯದೆಂದು ನಾನು ಎಣಿಸಲಾರೆ.

ಟೋಕಿಯೋದ ವಾಸ್ತುಶಿಲ್ಪಿ ಶಿಗೆರು ಬಾನ್ ಈ ಚರ್ಚಿನ ಸುದ್ದಿ ಓದಿ ಬಂದಾಗ ಭಾನುವಾರದ ಬಲಿಪೂಜೆ ಬಯಲಲ್ಲಿ, ಬೆಂಕಿಯ ಸುತ್ತ ನಡೆಯುತ್ತಿತ್ತು. ಕಾಗದದ ಕೊಳವೆಗಳಿಂದ ಚರ್ಚು ಕಟ್ಟಿಕೊಡುತ್ತೇನೆ ಎಂದರು. ಫಾದರ್ ಒಪ್ಪಲಿಲ್ಲ. ಊರೇ ಸುಟ್ಟಿರುವಾಗ ಕಾಗದದ ಕಟ್ಟಡವೇ? ಅದಕ್ಕಿಂತ ಮುಖ್ಯವಾಗಿ, ಸುತ್ತಲಿನವರಿಗೆ ಮನೆಯಿಲ್ಲದಾಗ ಚರ್ಚು ಮೊದಲು ಏಳಬಾರದು ಎಂಬುದು ಅವರ ನಿಲುವು. ಈ ಸಂಚಿಕೆ ಓದುವ ಪ್ರತಿಯೊಬ್ಬರೂ ಈ ನಿಲುವಿನ ಮುಂದೆ ಒಂದು ಗಳಿಗೆ ನಿಲ್ಲಬೇಕು.

ಬಾನ್ ಬಿಡಲಿಲ್ಲ. ಭಾನುವಾರ ತಪ್ಪದೆ ಟೋಕಿಯೋದಿಂದ ಬಂದರು. ಪಾರ್ಕಿನಲ್ಲಿ ಪ್ಲಾಸ್ಟಿಕ್ ಹೊದಿಕೆಯಡಿ ಇದ್ದ ವಿಯೆಟ್ನಾಮಿ ಕುಟುಂಬಗಳನ್ನು ಆಗ ಕಂಡರು. ಮಳೆ ಬಂದರೆ ಸೋರುತ್ತಿತ್ತು, ಬಿಸಿಲೇರಿದರೆ ಒಳಗೆ ಕೂರಲಾಗದು. ಸರ್ಕಾರದ ತಾತ್ಕಾಲಿಕ ಮನೆಗಳು ದೂರದಲ್ಲಿ. ಅಲ್ಲಿಗೆ ಹೋದರೆ ಶೂ ಕಾರ್ಖಾನೆಯ ಕೆಲಸ ತಪ್ಪುತ್ತದೆ. ಬಿಯರ್ ಬಾಟಲಿ ಸಾಗಿಸುವ ಪ್ಲಾಸ್ಟಿಕ್ ಕ್ರೇಟುಗಳಿಗೆ ಮರಳಿನ ಚೀಲ ತುಂಬಿ ತಳಪಾಯ ಮಾಡಿ, ಕಾಗದದ ಕೊಳವೆಗಳನ್ನು ಗೋಡೆಯಾಗಿ ನಿಲ್ಲಿಸಿ, ವಿದ್ಯಾರ್ಥಿಗಳ ಜೊತೆ ಸೇರಿ ಬಾನ್ ಆ ಕುಟುಂಬಗಳಿಗೆ ಪುಟ್ಟ ಮನೆಗಳನ್ನು ಕಟ್ಟಿದರು. ಹಣವನ್ನೂ ಕೈಯಾಳುಗಳನ್ನೂ ನೀವೇ ತರುವುದಾದರೆ ಸರಿ ಎಂದು ಫಾದರ್ ಕೊನೆಗೆ ಚರ್ಚಿನ ಜಾಗದಲ್ಲಿ ಕಾಗದದ ಸಭಾಂಗಣಕ್ಕೂ ಒಪ್ಪಿದರು. 58 ಕಾಗದದ ಕಂಬಗಳು, ಒಂದೊಂದೂ 5 ಮೀಟರ್ ಎತ್ತರ, ಅಂಡಾಕಾರದಲ್ಲಿ ನಿಂತವು. 160 ಸ್ವಯಂಸೇವಕರು ಐದು ವಾರದಲ್ಲಿ ಮುಗಿಸಿದರು. ಅಂಡಾಕಾರದ ಕಲ್ಪನೆಗೆ ಪ್ರೇರಣೆ ಬೆರ್ನಿನಿ. ರೋಮಿನ ಸಂತ ಪೇತ್ರರ ಚೌಕದ ಕಂಬಸಾಲು ರಚಿಸಿದ ಶಿಲ್ಪಿ. ಆ ಸಭಾಂಗಣ ಪೂಜೆಗೂ ಊರಿನ ಸಭೆಗೂ ಒದಗಿತು, ಮತಭೇದವಿಲ್ಲದೆ.

ಇನ್ನೊಂದು ಕೆಲಸ ಕಣ್ಣಿಗೆ ಕಾಣದ್ದು. ಪರಿಹಾರದ ಪ್ರಕಟಣೆಗಳು ಜಪಾನಿ ಭಾಷೆಯಲ್ಲಿದ್ದವು, ವಿಯೆಟ್ನಾಮಿನವರಿಗೆ ತಿಳಿಯುತ್ತಿರಲಿಲ್ಲ. ಕೊರಿಯನ್ನರಿಗೆ ಹಳೆಯ ಭಯ: 1923ರ ಕಾಂತೋ ಭೂಕಂಪದ ಬಳಿಕ ಸುಳ್ಳು ವದಂತಿ ಹಬ್ಬಿ ಕೊರಿಯನ್ನರ ಕಗ್ಗೊಲೆ ನಡೆದಿತ್ತು. ನಗತಾದಲ್ಲಿ ಕೊರಿಯನ್ನರು ಒಂದು ಕಿರು ಬಾನುಲಿ ಆರಂಭಿಸಿದರು, ತಕಾತೊರಿಯಿಂದ ವಿಯೆಟ್ನಾಮಿ ಬಾನುಲಿ ಶುರುವಾಯಿತು. ಎರಡೂ ಕೂಡಿ ಎಫ್‌ಎಂ ವಾಯ್‌ವಾಯ್ ಆಗಿ, 1996ರ ಜನವರಿ 17ರಂದು, ಭೂಕಂಪದ ಮೊದಲ ವಾರ್ಷಿಕದ ದಿನ, ಅಧಿಕೃತ ಪರವಾನಗಿಯೊಡನೆ ಚರ್ಚಿನ ಆವರಣದಿಂದ ಹಲವು ಭಾಷೆಗಳಲ್ಲಿ ಪ್ರಸಾರವಾಯಿತು. ವದಂತಿಯನ್ನು ಗುಡಿಸಿಹಾಕುವುದೂ ಶುಚಿ ಮಾಡುವ ಕೆಲಸವೇ. ಪರಿಹಾರ ಶಿಬಿರ ಕ್ರಮೇಣ ತಕಾತೊರಿ ಸಮುದಾಯ ಕೇಂದ್ರವಾಗಿ ಬೆಳೆಯಿತು.

ಕಾಗದದ ಮನೆ ಭಾರತಕ್ಕೂ ಬಂತು. 2001ರ ಜನವರಿ 26ರ ಭೂಕಂಪದ ನಂತರ ಗುಜರಾತಿನ ಭುಜ್‌ನಲ್ಲಿ ಬಾನ್ ಅಂಥ ಮನೆ ಕಟ್ಟಿದಾಗ ಬಿಯರ್ ಕ್ರೇಟು ಸಿಗಲಿಲ್ಲ. ಕುಸಿದ ಕಟ್ಟಡಗಳ ಅವಶೇಷವನ್ನೇ ತಳಪಾಯಕ್ಕೆ ತುಂಬಿ, ಮೇಲೆ ಮಣ್ಣಿನ ನೆಲ ಹಾಕಿದರು. ತಕಾತೊರಿಯ ಸಭಾಂಗಣವನ್ನು 2005ರಲ್ಲಿ ಬಿಚ್ಚಿ ತೈವಾನಿಗೆ ಕಳಿಸಲಾಯಿತು. 1999ರ ಸೆಪ್ಟೆಂಬರ್ 21ರ ಭೂಕಂಪದಲ್ಲಿ ನಲುಗಿದ್ದ ತಾವೊಮಿ ಹಳ್ಳಿಯಲ್ಲಿ ಅದು 2008ರಲ್ಲಿ ಮತ್ತೆ ಎದ್ದಿತು. ತಕಾತೊರಿಗೆ ಕಾಯಂ ಚರ್ಚು ದೊರೆತದ್ದು 2007ರಲ್ಲಿ, ಹನ್ನೆರಡು ವರ್ಷ ತಡವಾಗಿ.

ನಮ್ಮ ಧರ್ಮಕೇಂದ್ರದ ಹಿರಿಯರಲ್ಲೂ ಪಾಲನಾ ಸಮಿತಿಯಲ್ಲೂ ನನ್ನದೊಂದು ಬಿನ್ನಹ. ಮುಂದೆ ಯಾವ ಕಟ್ಟಡದ ನಕ್ಷೆ ಮಾಡಿಸಿದರೂ, ನೆರೆಯೋ ಬೆಂಕಿಯೋ ಬಂದ ರಾತ್ರಿ ನಮ್ಮ ಬೀದಿಯ ಎಲ್ಲ ಮತದವರೂ ಬಂದು ಮಲಗಬಹುದಾದ ಒಂದು ಹಜಾರ, ಗುದ್ದಲಿ, ಪಿಕಾಸಿ, ಬಾಂಡ್ಲಿ ಇಡುವ ಒಂದು ಕೋಣೆ ಅದರಲ್ಲಿ ಇರಲಿ. ಆ ಕೋಣೆಯ ಬೀಗದ ಕೈ ಯುವಜನರ ಬಳಿ ಇರಲಿ.