ಅಜ್ಜನ ಹೆಸರು: ನಂಬದ ಮಾತಿಗೆ ಸಿಕ್ಕ ಸಾಕ್ಷಿ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಹಿರಿಯರಿಗೆ ಹೆಳವರು ಗೊತ್ತು. ಎತ್ತಿನ ಮೇಲೆ ಕುಳಿತು ಬಂದು, ಮನೆಯ ಮುಂದೆ ನಿಂತು, ಆ ಮನೆತನದ ಮೂಲಪುರುಷನಿಂದ ಹಿಡಿದು ಹೆಸರು ಹೇಳುವವರು ಅವರು. ಅವರು ಹೇಳುವುದು ಹೆಚ್ಚಾಗಿ ಗಂಡುಮಕ್ಕಳ ಸಾಲು. ಹಾಗಾದರೆ ತಂದೆಯ ಹೆಸರನ್ನು ಲೋಕ ಒಪ್ಪದ ಕೂಸು ಯಾವ ಸಾಲಿಗೆ ಸೇರಬೇಕು? ಅಮೆರಿಕದ ಒಬ್ಬ ಅಧ್ಯಕ್ಷರ ಮನೆತನದಲ್ಲಿ ಈ ಪ್ರಶ್ನೆ 88 ವರ್ಷ ಹಾಗೇ ಉಳಿದಿತ್ತು. ಕೊನೆಗೆ ಅದು ಬಗೆಹರಿದ ಬಗೆಯನ್ನು ಇಂದು ಹೇಳಬೇಕೆಂದಿದ್ದೇನೆ.

ವಾರೆನ್ ಹಾರ್ಡಿಂಗ್ ಅಮೆರಿಕದ 29ನೆಯ ಅಧ್ಯಕ್ಷರು. ಓಹಾಯೋ ರಾಜ್ಯದ ಮೇರಿಯನ್ ಎಂಬ ಊರಿನಲ್ಲಿ ಪತ್ರಿಕೆ ನಡೆಸುತ್ತಿದ್ದವರು, 1915ರಲ್ಲಿ ಸೆನೆಟ್ ಸದಸ್ಯರಾದರು, 1921ರಲ್ಲಿ ಅಧ್ಯಕ್ಷರಾದರು. ಅಧಿಕಾರದಲ್ಲಿದ್ದಾಗಲೇ, 1923ರ ಆಗಸ್ಟ್ 2ರಂದು, ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ತೀರಿಕೊಂಡರು. ಪತ್ನಿ ಫ್ಲಾರೆನ್ಸ್ ಅವರಲ್ಲಿ ಅವರಿಗೆ ಮಕ್ಕಳಾಗಿರಲಿಲ್ಲ.

ಅದೇ ಮೇರಿಯನ್ ಊರಿನವರು ನ್ಯಾನ್ ಬ್ರಿಟನ್. ಹಾರ್ಡಿಂಗರಿಗಿಂತ 31 ವರ್ಷ ಚಿಕ್ಕವರು. 1919ರ ಅಕ್ಟೋಬರಿನಲ್ಲಿ ಅವರಿಗೆ ಎಲಿಜಬೆತ್ ಆನ್ ಎಂಬ ಹೆಣ್ಣುಮಗು ಹುಟ್ಟಿತು. ಆ ಮಗುವಿನ ತಂದೆ ಹಾರ್ಡಿಂಗರೇ ಎಂದು ನ್ಯಾನ್ ಹೇಳಿದರು. ಹಾರ್ಡಿಂಗರು ತೀರಿಕೊಂಡ ಮೇಲೆ ಮಗುವಿನ ಪಾಲನೆಗೆ ನೆರವು ಕೇಳಿದರು. ಮನೆಯವರು ಈ ಸಂಬಂಧವನ್ನೇ ಒಪ್ಪಲಿಲ್ಲ. ಆಗ ನ್ಯಾನ್ 1927ರಲ್ಲಿ 'ಅಧ್ಯಕ್ಷರ ಮಗಳು' ಎಂಬ ಅರ್ಥದ ಹೆಸರಿಟ್ಟು ಒಂದು ಪುಸ್ತಕವನ್ನೇ ಬರೆದರು.

ಪುಸ್ತಕ ಚೆನ್ನಾಗಿ ಮಾರಾಟವಾಯಿತು, ಆದರೆ ನಂಬಿದವರಿಗಿಂತ ಆಡಿಕೊಂಡವರೇ ಹೆಚ್ಚು. ಪತ್ರಗಳನ್ನು ತೋರಿಸಿ ಎಂದರು ಜನ. ಹಾರ್ಡಿಂಗರ ಮಾತಿನಂತೆ ಅವನ್ನು ನಾಶ ಮಾಡಿದ್ದೇನೆ ಎಂದರು ನ್ಯಾನ್. ಹಾರ್ಡಿಂಗರಿಗೆ ಮಕ್ಕಳಾಗುವ ಶಕ್ತಿಯೇ ಇರಲಿಲ್ಲ ಎಂಬ ಮಾತೂ ಹುಟ್ಟಿತು. ತಮ್ಮನ್ನು ಹೀಗಳೆದ ಇನ್ನೊಂದು ಪುಸ್ತಕದ ವಿಷಯದಲ್ಲಿ ಅವರು ಮಾನನಷ್ಟದ ದಾವೆ ಹೂಡಿದರು, 1931ರಲ್ಲಿ ಸೋತರು. ನ್ಯಾನ್ 1991ರಲ್ಲಿ ತೀರಿಕೊಂಡರು. ಮಗಳು ಎಲಿಜಬೆತ್ ಆನ್ 2005ರಲ್ಲಿ ತೀರಿಕೊಂಡರು. ಇಬ್ಬರ ಕಾಲದಲ್ಲೂ ಮಾತು ಮಾತಾಗಿಯೇ ಉಳಿಯಿತು.

ಇನ್ನು ವಿಜ್ಞಾನದ ಕಡೆ ಬರೋಣ. ನಮ್ಮ ಜೀವಕೋಶಗಳಲ್ಲಿ ಡಿ.ಎನ್.ಎ. ಎಂಬ ವಸ್ತುವಿದೆ ಎಂದು ನೀವು ಕೇಳಿದ್ದೀರಿ. ಅದರಲ್ಲಿ ಒಂದು ಭಾಗ, ವೈ ವರ್ಣತಂತು, ತಂದೆಯಿಂದ ಮಗನಿಗೆ ಮಾತ್ರ ಇಳಿಯುತ್ತದೆ, ನಮ್ಮ ಹೆಳವರ ಸಾಲಿನ ಹಾಗೆಯೇ. ಆದರೆ ಇಲ್ಲಿ ಹಾರ್ಡಿಂಗರಿಗೆ ಹುಟ್ಟಿದ್ದು ಮಗಳು. ಆ ಮಗಳ ಮಗನಲ್ಲಿರುವ ವೈ ವರ್ಣತಂತು ಅವನ ತಂದೆಯ ಕಡೆಯದು. ಹಾಗಾಗಿ ತಾಯಿಯ ತಂದೆ ಯಾರೆಂದು ಕೇಳಿದರೆ ಅದು ಏನೂ ಹೇಳದು.

ಅದಕ್ಕೆ ಬೇರೆ ದಾರಿ ಹಿಡಿಯಬೇಕು. ಉಳಿದ ವರ್ಣತಂತುಗಳು ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಬರುತ್ತವೆ. ಒಬ್ಬ ಅಜ್ಜನಿಂದ ಮೊಮ್ಮಗನಿಗೆ ಸುಮಾರು ಕಾಲು ಪಾಲು ಬರುತ್ತದೆ. ಅಣ್ಣ ತಮ್ಮಂದಿರ ಮಕ್ಕಳಲ್ಲಿ ಸರಾಸರಿ ನೂರಕ್ಕೆ 12.5 ಪಾಲು ಒಂದೇ ಇರುತ್ತದೆ. ಅದೇ ಅಣ್ಣ ತಮ್ಮಂದಿರ ಮೊಮ್ಮಕ್ಕಳಲ್ಲಿ ಅದು ನೂರಕ್ಕೆ ಸುಮಾರು 3ಕ್ಕೆ ಇಳಿಯುತ್ತದೆ. ಅಜ್ಜ ಸತ್ತು ಹೋಗಿದ್ದರೂ ಅವನ ಒಡಹುಟ್ಟಿದವರ ಮೊಮ್ಮಕ್ಕಳು ಇದ್ದರೆ ಸಾಕು, ಎರಡೂ ಕಡೆಯವರ ಜೊಲ್ಲನ್ನು ಪರೀಕ್ಷಿಸಿ ಈ ಲೆಕ್ಕ ನೋಡಬಹುದು.

ನಡೆದದ್ದೂ ಹಾಗೆಯೇ. ಹಾರ್ಡಿಂಗರ ತಮ್ಮನ ಕಡೆಯ ಒಬ್ಬ ಮೊಮ್ಮಗ, ಒಬ್ಬ ಮೊಮ್ಮಗಳು ನಿಜವನ್ನು ತಿಳಿಯಬೇಕೆಂದು ತಾವಾಗಿಯೇ ಮುಂದೆ ಬಂದರು. ಎಲಿಜಬೆತ್ ಆನ್ ಅವರ ಮಗನೂ ಒಪ್ಪಿದರು. 'ಆನ್ಸೆಸ್ಟ್ರಿ' ಎಂಬ ಕಂಪನಿ ಪರೀಕ್ಷೆ ನಡೆಸಿತು. 2015ರ ಆಗಸ್ಟಿನಲ್ಲಿ ಫಲಿತಾಂಶ ಪ್ರಕಟವಾಯಿತು: ಇವರು ಅಣ್ಣ ತಮ್ಮಂದಿರ ಮೊಮ್ಮಕ್ಕಳು. ಎಲಿಜಬೆತ್ ಆನ್ ಹಾರ್ಡಿಂಗರ ಮಗಳು ಎಂಬುದು ಸ್ಥಿರಪಟ್ಟಿತು. ಪುಸ್ತಕ ಬಂದು ಆಗ 88 ವರ್ಷ ಕಳೆದಿತ್ತು.

ಕೇಳುಗರೆ, ಇಲ್ಲೊಂದು ಮಾತನ್ನು ಗಮನಿಸಬೇಕು. ಪರೀಕ್ಷೆ ಕೊಡುವುದು ಒಂದು ಅಂಕಿಯನ್ನು. ಆ ಅಂಕಿಯ ಮೇಲೆ ಹೆಸರು ಬರೆದಿರುವುದಿಲ್ಲ. ಅಜ್ಜನಾಗಲಿ, ಚಿಕ್ಕಪ್ಪನಾಗಲಿ, ತಾಯಿ ಬೇರೆಯಾದ ಅಣ್ಣನಾಗಲಿ, ಮೂವರಿಗೂ ಬರುವ ಪಾಲು ಸುಮಾರು ಒಂದೇ, ಕಾಲು ಭಾಗ. ಯಾರು ಎಂದು ತೀರ್ಮಾನಿಸಲು ವಯಸ್ಸು ಬೇಕು, ಊರು ಬೇಕು, ಯಾವ ವರ್ಷ ಯಾರು ಎಲ್ಲಿದ್ದರು ಎಂಬುದು ಬೇಕು. ಹಾರ್ಡಿಂಗರ ವಿಷಯದಲ್ಲಿ ಆ ವಿವರವನ್ನೆಲ್ಲ ನ್ಯಾನ್ ಬ್ರಿಟನ್ 1927ರಲ್ಲೇ ಬರೆದಿಟ್ಟಿದ್ದರು. ಯಾರ ಮನೆಯವರೊಡನೆ ಹೋಲಿಸಿ ನೋಡಬೇಕು ಎಂದು ತೋರಿಸಿದ್ದು ಆ ಹೆಂಗಸಿನ ಮಾತೇ. ಆ ಮಾತು ಇರದಿದ್ದರೆ ಪರೀಕ್ಷೆ ಮಾಡುವವರು ಹಾರ್ಡಿಂಗರ ಮನೆ ಬಾಗಿಲು ತಟ್ಟುತ್ತಲೇ ಇರಲಿಲ್ಲ.

ಗಡಿಯ ಊರುಗಳಲ್ಲಿರುವ ನಮಗೆ ಇದು ಹತ್ತಿರದ ವಿಷಯ. 1956ರಲ್ಲಿ ರಾಜ್ಯಗಳ ಗಡಿ ಬದಲಾದಾಗ ಒಂದೇ ಮನೆತನದವರು ಎರಡು ರಾಜ್ಯಗಳಿಗೆ ಹಂಚಿಹೋದರು. ಮಹಾರಾಷ್ಟ್ರದ ಕಡೆ ಶಾಲೆಯಲ್ಲಿ ಹೆಸರಿನ ಕೊನೆಗೆ ಅಡ್ಡಹೆಸರು ಸೇರಿತು. ಆಂಧ್ರದ ಕಡೆ ಮನೆತನದ ಹೆಸರು ಮುಂದೆ ಬಂತು. ತಮಿಳುನಾಡಿನ ಕಡೆ ತಂದೆಯ ಹೆಸರಿನ ಒಂದಕ್ಷರ ಮಾತ್ರ ಉಳಿಯಿತು. ಎರಡು ತಲೆಮಾರು ಕಳೆದರೆ ಕಾಗದ ನೋಡಿ ಇವರು ದಾಯಾದಿಗಳೆಂದು ಹೇಳುವುದು ಕಷ್ಟ. ಡಿ.ಎನ್.ಎ. ಈ ಭಾಷೆಗಳ ಗೊಡವೆಗೆ ಹೋಗದು, ನಿಜ. ಆದರೆ ನಮ್ಮಲ್ಲಿ ಇನ್ನೊಂದು ತೊಡಕಿದೆ. ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತಂದುಕೊಳ್ಳುವ ಮನೆಗಳಲ್ಲಿ ಒಂದೇ ಪಾಲು ಎರಡು ದಾರಿಯಿಂದ ಬರುತ್ತದೆ. ಆಗ ದೂರದ ನೆಂಟನೂ ಹತ್ತಿರದವನಂತೆ ಕಾಣುತ್ತಾನೆ. ಅಂಥಲ್ಲಿ ಬರೀ ಅಂಕಿಯನ್ನು ನಂಬಿದರೆ ತಪ್ಪು ಮನುಷ್ಯನನ್ನು ಅಜ್ಜ ಎಂದು ಕರೆಯಬೇಕಾದೀತು.

ಮತ್ತೊಂದು ಎಚ್ಚರಿಕೆ. ಒಬ್ಬರು ಕೊಟ್ಟ ಜೊಲ್ಲು ಅವರ ಅಣ್ಣ ತಮ್ಮಂದಿರ, ಅಕ್ಕ ತಂಗಿಯರ ಗುಟ್ಟನ್ನೂ ಹೊರಹಾಕುತ್ತದೆ. ಮನೆಯವರಿಗೆ ತಿಳಿಸಿ, ಒಪ್ಪಿಸಿ ಮುಂದುವರಿಯುವುದು ಒಳ್ಳೆಯದು. ಹಾರ್ಡಿಂಗರ ಮನೆತನದಲ್ಲಿ ಎರಡೂ ಕಡೆಯವರು ಒಪ್ಪಿಯೇ ಪರೀಕ್ಷೆ ನಡೆದದ್ದು. ಆದರೂ ಎಲ್ಲವೂ ಅಲ್ಲಿಗೇ ಮುಗಿಯಲಿಲ್ಲ. 2020ರಲ್ಲಿ ಮೊಮ್ಮಗ ಅಜ್ಜನ ಸಮಾಧಿಯನ್ನು ತೆರೆಸಬೇಕೆಂದು ನ್ಯಾಯಾಲಯಕ್ಕೆ ಹೋದರು. ಸಂಬಂಧವನ್ನು ನಾವು ಒಪ್ಪಿದ್ದೇವಲ್ಲ, ಸಮಾಧಿ ಏಕೆ ಕೆದಕಬೇಕು ಎಂದರು ಹಾರ್ಡಿಂಗರ ಕಡೆಯವರು. ನ್ಯಾಯಾಲಯ ಅನುಮತಿ ಕೊಡಲಿಲ್ಲ.

ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಇದ್ದರೆ, "ನಮ್ಮಪ್ಪ ಇಂಥ ಊರಿನವನಂತೆ, ನಮ್ಮವ್ವ ಹೇಳುತ್ತಿದ್ದಳು" ಎಂದು ಅವರು ಅಂದರೆ, ಅದು ಮುಪ್ಪಿನ ಹರಟೆ ಎಂದು ತಳ್ಳಿಹಾಕಬೇಡಿ. ಊರಿನ ಹೆಸರು, ಬರಗಾಲದ ವರ್ಷ, ಯಾವ ಜಾತ್ರೆಯ ಹೊತ್ತು ಎಂಬುದನ್ನು ಅವರು ಹೇಳಿದ ಹಾಗೆಯೇ ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಪರೀಕ್ಷೆಯನ್ನು ಮುಂದೆ ನಿಮ್ಮ ಮೊಮ್ಮಕ್ಕಳೂ ಮಾಡಿಸಿಕೊಳ್ಳಬಹುದು. ಅಜ್ಜಿಯನ್ನು ಕೇಳುವ ಕೆಲಸ ಮಾತ್ರ ಈಗಲೇ ಆಗಬೇಕು.