ಕಾಲುವೆಯ ಮೇಲೆ ರೊಟ್ಟಿ, ಕಾಲುವೆಯ ಕೆಳಗೆ ಅನ್ನ

ಹಂಪಿ ನೋಡಿದವರು ಬಾದಾಮಿಗೆ ಹೋಗುತ್ತಾರೆ, ಬಾದಾಮಿ ನೋಡಿದವರು ವಿಜಯಪುರಕ್ಕೆ. ಹಂಪಿಯಿಂದ ತುಸು ಈಶಾನ್ಯಕ್ಕೆ ತಿರುಗಿದರೆ ಸಿಗುವ ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಪಟ್ಟಿಯಲ್ಲಿ ಬರುವುದೇ ಅಪರೂಪ. ಆದರೂ ಬೆಂಗಳೂರಿನ, ಮೈಸೂರಿನ ಸ್ನೇಹಿತರು ಆಗಾಗ ಕೇಳುತ್ತಾರೆ: ನಿಮ್ಮ ಕಡೆ ಒಂದು ದಿನ ಬಂದರೆ ಏನು ನೋಡಬೇಕು, ಎಲ್ಲಿ ಊಟ ಮಾಡಬೇಕು? ಇವನ್ನು ಎರಡು ಪ್ರಶ್ನೆ ಎಂದುಕೊಂಡೇ ಎಲ್ಲರೂ ಕೇಳುತ್ತಾರೆ. ಈ ಸೀಮೆಯ ಮಟ್ಟಿಗೆ ಅದು ಒಂದೇ ಪ್ರಶ್ನೆ ಎಂಬುದು ನನ್ನ ಅನಿಸಿಕೆ. ಇಲ್ಲಿ ನೋಡಬೇಕಾದ ಜಾಗ ಯಾಕೆ ಅಲ್ಲಿದೆ ಎಂಬುದಕ್ಕೂ, ಗಂಗಾಳದಲ್ಲಿ ಏನು ಬೀಳುತ್ತದೆ ಎಂಬುದಕ್ಕೂ ಉತ್ತರ ಒಂದೇ ಕಡೆ ಇದೆ. ಅದು ನೀರು ಎಲ್ಲಿಯವರೆಗೆ ಏರಿತು ಎಂಬ ಲೆಕ್ಕ.

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ನೆಲವನ್ನು ಚರಿತ್ರೆಯ ಪುಸ್ತಕಗಳು ರಾಯಚೂರು ದೋಆಬ್ ಎನ್ನುತ್ತವೆ. ಎರಡು ಹೊಳೆಗಳ ನಡುವಿನ ನಾಡು ಎಂದಾಕ್ಷಣ ಹಸಿರು ಕಣ್ಮುಂದೆ ಬರುತ್ತದೆ. ಆದರೆ ಹೊಳೆಗಳು ತಗ್ಗಿನಲ್ಲಿ ಹರಿಯುತ್ತವೆ, ನೆಲ ಎತ್ತರದಲ್ಲಿದೆ. ಶತಮಾನಗಳ ಕಾಲ ಈ ನಾಡು ಬದುಕಿದ್ದು ಹೊಳೆಯ ನೀರಿನಿಂದಲ್ಲ, ಮಳೆಯಿಂದ. ಆದ್ದರಿಂದ ನೋಡುವವರು ದಾರಿಯನ್ನು ಮೇಲಿನಿಂದ ಕೆಳಗೆ ಹಿಡಿಯುವುದು ಒಳ್ಳೆಯದು. ಮುದಗಲ್ಲಿನಲ್ಲಿ ಶುರುಮಾಡಿ, ಲಿಂಗಸುಗೂರಿನಲ್ಲಿ 150ಎ ರಾಷ್ಟ್ರೀಯ ಹೆದ್ದಾರಿ ಸೇರಿ, ಮಸ್ಕಿ ಮತ್ತು ಸಿಂಧನೂರಿನ ಮೂಲಕ ತುಂಗಭದ್ರೆಯ ದಂಡೆಗೆ ಇಳಿಯಬೇಕು.

ಬೆಳಿಗ್ಗೆ ಮುದಗಲ್. ಕಂದಕದ ನೀರು, ಎರಡು ಸುತ್ತಿನ ಗೋಡೆ, ಬಂಡೆಗಳನ್ನೇ ಗೋಡೆಗೆ ಸೇರಿಸಿಕೊಂಡ ಕಟ್ಟಡ. ಬಹಮನಿಗಳು, ವಿಜಯನಗರದವರು, ವಿಜಯಪುರದ ಆದಿಲಶಾಹಿಗಳು ಈ ಕೋಟೆಗಾಗಿ ಕಾದಾಡಿದರು. 1406ರ ಯುದ್ಧಕ್ಕೆ ಮುದಗಲ್ಲಿನ ಅಕ್ಕಸಾಲಿಗನೊಬ್ಬನ ಮಗಳು ಕಾರಣ ಎಂದು ಫೆರಿಷ್ತಾ ಕಥೆ ಹೇಳುತ್ತಾನೆ. ದೇವರಾಯ ಆಕೆಯನ್ನು ಬಯಸಿದ, ಫಿರೋಜ್ ಶಹಾ ಯುದ್ಧ ಹೂಡಿದ ಎಂಬುದು ಕಥೆಯ ಸಾರ. ಕಥೆಯನ್ನು ಎಷ್ಟು ನಂಬಬೇಕು ಎನ್ನುವುದು ಬೇರೆ ಮಾತು. ಅದರಲ್ಲಿ ಬರುವುದು ಅಕ್ಕಸಾಲಿಗನ ಮನೆಯೇ ಎಂಬುದು ಮಾತ್ರ ಸಹಜವಾಗಿದೆ. ಲಿಂಗಸುಗೂರಿನ ಇನ್ನೊಂದು ಮಗ್ಗುಲಿಗೆ ಹಟ್ಟಿ ಇದೆ. ಅಲ್ಲಿನ ಹಳೆಯ ಗಣಿಗಳಲ್ಲಿ ಸಿಕ್ಕ ಮರದ ತುಂಡುಗಳು ಸುಮಾರು 2000 ವರ್ಷ ಹಳೆಯವು. ನೂರಾರು ಅಡಿ ಆಳಕ್ಕೆ ಆ ಕಾಲದವರು ಕೈಯಲ್ಲೇ ಕೊರೆದು ಇಳಿದಿದ್ದರು. ಇವತ್ತಿನ ಹಟ್ಟಿ ಚಿನ್ನದ ಗಣಿ ಕಂಪನಿ 1947ರಲ್ಲಿ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಶುರುವಾದದ್ದು.

ಮುದಗಲ್ಲಿಗೆ ಮೊಹರಂ ಹೊತ್ತಿನಲ್ಲಿ ಬಂದವರಿಗೆ ಕೋಟೆಗಿಂತ ಊರೇ ದೊಡ್ಡದಾಗಿ ಕಾಣುತ್ತದೆ. ಅಲಾಯಿ ದೇವರ ಮುಂದೆ ಹೆಜ್ಜೆ ಹಾಕುವವರಲ್ಲಿ ಹಿಂದೂಗಳೂ ಇರುತ್ತಾರೆ, ಮುಸ್ಲಿಮರೂ ಇರುತ್ತಾರೆ. ಯಾರು ಯಾರೆಂದು ಬಿಡಿಸಿ ನೋಡುವ ರೂಢಿ ಅಲ್ಲಿಲ್ಲ. ಆಗ ಮನೆಮನೆಯಲ್ಲಿ ಚೊಂಗೆ ಸಿಗುತ್ತದೆ. ಬೇರೆ ದಿನಗಳಲ್ಲಿ ಹಸಿವು ತಡೆದುಕೊಂಡು ಲಿಂಗಸುಗೂರಿಗೆ ಬನ್ನಿ.

ಲಿಂಗಸುಗೂರು ಒಂದು ಕಾಲಕ್ಕೆ ಜಿಲ್ಲಾ ಕೇಂದ್ರವಾಗಿತ್ತು ಎಂದರೆ ಈಗಿನ ಹುಡುಗರು ನಂಬುವುದಿಲ್ಲ. 1853ರ ಒಪ್ಪಂದದಲ್ಲಿ ನಿಜಾಮ ದೋಆಬನ್ನು ಇಂಗ್ಲಿಷರ ಆಡಳಿತಕ್ಕೆ ಬಿಟ್ಟುಕೊಟ್ಟ. 1860ರಲ್ಲಿ ಅದು ಮರಳಿತು. ಸುರಪುರದ ಚರಿತ್ರೆಯಲ್ಲಿ ಬರುವ ಮೆಡೋಸ್ ಟೇಲರ್ ಆ ನಡುವೆ ಕೆಲಕಾಲ ಇಲ್ಲಿದ್ದುಕೊಂಡು ಆಡಳಿತ ನಡೆಸಿದ. ದಂಡಿನ ಛಾವಣಿಯೂ ಇತ್ತು. 1905ರಲ್ಲಿ ಲಿಂಗಸುಗೂರು ಜಿಲ್ಲೆಯನ್ನು ಒಡೆದು ಅಕ್ಕಪಕ್ಕದ ಜಿಲ್ಲೆಗಳಿಗೆ ಹಂಚಿದರು. ಊರಿನ ದೊಡ್ಡಸ್ತಿಕೆ ಹೋಯಿತು, ಖಾನಾವಳಿ ಉಳಿಯಿತು.

ಮೊದಲ ಊಟ ಇಲ್ಲಿಯೇ ಆಗಲಿ. ದೊಡ್ಡ ಬೋರ್ಡಿನ ಹೋಟೆಲು ಬೇಡ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳಿಸುವ ಖಾನಾವಳಿ ಸಾಕು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಮಡಕಿಕಾಳು, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮೇಲೊಂದಿಷ್ಟು ಮೊಸರು, ಹಸಿ ಉಳ್ಳಾಗಡ್ಡಿ. ಅನ್ನ ಕೊನೆಗೆ ಬರುತ್ತದೆ, ಒಂದು ತುತ್ತಿನಷ್ಟು. ಎರಿಭೂಮಿಯಲ್ಲಿ ಹಿಂಗಾರಿಯ ಮಳೆಯ ತೇವ ಹಿಡಿದು, ಇಬ್ಬನಿ ಕುಡಿದು ಬೆಳೆಯುವ ಜೋಳದ ಊಟ ಇದು. ತಿಂಗಳುಗಟ್ಟಲೆ ಕೆಡದ ಕಟಕ ರೊಟ್ಟಿ, ಪುಡಿಯ ರೂಪದ ಹಿಂಡಿ, ಒಣಗಿಸಿಟ್ಟ ಕಾಳು, ಇವೆಲ್ಲ ರುಚಿಗಾಗಿ ಹುಟ್ಟಿದ್ದಲ್ಲ, ಮಳೆ ಕೈಕೊಟ್ಟ ವರ್ಷಕ್ಕೆಂದು ಮಾಡಿಟ್ಟುಕೊಂಡ ಏರ್ಪಾಡು.

ಇದೇ ನಮ್ಮ ಮೂಲ ಊಟ, ಉಳಿದದ್ದೆಲ್ಲ ಹೊರಗಿನದು ಎಂದು ಹೇಳುವವರಿದ್ದಾರೆ. ಚರಿತ್ರೆ ಅಷ್ಟು ಸಲೀಸಾಗಿ ಒಪ್ಪುವುದಿಲ್ಲ. ಸಂಗನಕಲ್ಲು, ತೆಕ್ಕಲಕೋಟೆಯಂಥ ನವಶಿಲಾಯುಗದ ನೆಲೆಗಳ ಬೂದಿಮಣ್ಣಿನಲ್ಲಿ ಸಿಕ್ಕ ಸುಟ್ಟ ಕಾಳುಗಳಲ್ಲಿ ಮುಖ್ಯವಾದವು ಹುರುಳಿ, ಹೆಸರು, ಕೊರಲೆಯಂಥ ಕಿರುಧಾನ್ಯಗಳು. ಜೋಳದ ತವರು ಆಫ್ರಿಕಾ. ಶೇಂಗಾ, ಮೆಣಸಿನಕಾಯಿ ಪೋರ್ಚುಗೀಸರ ಕಾಲದ ನಂತರ ದಕ್ಷಿಣ ಅಮೆರಿಕದ ಕಡೆಯಿಂದ ಬಂದವು. ಅಂದರೆ ಈ ಗಂಗಾಳದಲ್ಲಿ ಎಲ್ಲಕ್ಕಿಂತ ಹಳಬರು ಹುರುಳಿ ಮತ್ತು ಹೆಸರು. ರೊಟ್ಟಿ, ಹಿಂಡಿ ಎರಡೂ ವಲಸೆ ಬಂದು ಮನೆಯವರಾದವು. ಮುಂದೆ ಅನ್ನದ ಸೀಮೆಗೆ ಇಳಿಯುವಾಗ ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಲಿಂಗಸುಗೂರಿನಿಂದ ಮಸ್ಕಿಗೆ ಮುಕ್ಕಾಲು ಗಂಟೆಯೂ ಬೇಡ. ಈಚೆಗೆ ತಾಲ್ಲೂಕಾದ ಊರು. ಊರಿನ ನೆತ್ತಿಯ ಮೇಲೆ ಮಲ್ಲಿಕಾರ್ಜುನನ ಗುಡಿ, ಗುಡ್ಡದ ಮಗ್ಗುಲಲ್ಲಿ ಅಶೋಕನ ಶಾಸನ. 1915ರ ಜನವರಿ 27ರಂದು ಬೀಡನ್ ಎಂಬ ಗಣಿ ಇಂಜಿನಿಯರ್ ಇದನ್ನು ಕಂಡ. ಅವನು ಹುಡುಕಿಕೊಂಡು ಬಂದದ್ದು ಚಿನ್ನವನ್ನು. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿ ಲಿಪಿಯನ್ನು ಓದಿದಂದಿನಿಂದ ಬಂಡೆಗಳ ಮೇಲೆ ಮಾತಾಡುವ ರಾಜ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿಂದಷ್ಟೇ ಗೊತ್ತಿದ್ದ. ಸಿಂಹಳದ ಗ್ರಂಥಗಳ ನೆರವಿನಿಂದ ಅವನೇ ಅಶೋಕನಿರಬೇಕು ಎಂದು ಊಹಿಸಿದ್ದರು. ಹೆಸರನ್ನೇ ಬರೆದಿದ್ದ ಮೊದಲ ಬಂಡೆ ಮಸ್ಕಿಯದು. ಊಹೆ ಇಲ್ಲಿ ಖಚಿತವಾಯಿತು.

ಶಾಸನದ ಒಕ್ಕಣೆ ದೊಡ್ಡದಲ್ಲ. ತಾನು ಧರ್ಮದ ಹಾದಿ ಹಿಡಿದದ್ದನ್ನು ಹೇಳಿಕೊಂಡು, ಈ ಹಾದಿ ದೊಡ್ಡವರಿಗೆ ಮಾತ್ರವಲ್ಲ, ಸಾಮಾನ್ಯನಿಗೂ ಎಟುಕುವಂಥದ್ದು ಎಂದು ರಾಜ ತಿಳಿಸುತ್ತಾನೆ. ಪಾಟಲಿಪುತ್ರದ ದೊರೆಗೆ ಈ ಒಣ ಸೀಮೆಯ ಸಾಮಾನ್ಯನೊಡನೆ ಏನು ಕೆಲಸ? ಇಲ್ಲಿನ ಚಿನ್ನದ ನಿಕ್ಷೇಪಗಳೇ ಅವನ ಆಡಳಿತವನ್ನು ಇಲ್ಲಿಯವರೆಗೆ ಎಳೆದು ತಂದವು ಎಂದು ಹಲವು ವಿದ್ವಾಂಸರು ವಾದಿಸಿದ್ದಾರೆ. 1954ರಲ್ಲಿ ಬಿ.ಕೆ. ಥಾಪರ್ ಇಲ್ಲಿ ಉತ್ಖನನ ನಡೆಸಿದಾಗ, ನವಶಿಲಾ-ತಾಮ್ರಯುಗದಿಂದ ಹಿಡಿದು ಮಧ್ಯಯುಗದವರೆಗೆ ಜನವಸತಿಯ ನಾಲ್ಕು ಹಂತಗಳು ಕಂಡವು. ಅಶೋಕ ಬರುವ ಮೊದಲೇ ಇಲ್ಲಿ ಊರಿತ್ತು, ಅವನ ಮಾತು ಕೇಳಿಸಿಕೊಳ್ಳುವ ಜನವಿತ್ತು.

ಗುಡ್ಡ ಇಳಿದ ಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರ ಒಗ್ಗರಣಿ-ಮಿರ್ಚಿ ತಿನ್ನಿ. ಮಂಡಾಳು ಭತ್ತದ ಕೂಸು. ಅದಕ್ಕೆ ಬೆರೆಯುವ ಶೇಂಗಾ, ಪುಟಾಣಿ, ಮೆಣಸಿನಕಾಯಿ ಒಣಭೂಮಿಯವು. ಎರಡು ಸೀಮೆಗಳ ನಡುವಿನ ಊರಿಗೆ ತಕ್ಕ ತಿಂಡಿ.

ಮಸ್ಕಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಒಂದು ಸೇತುವೆ ಬರುತ್ತದೆ. ಅಲ್ಲಿ ಫಲಕ ಓದಲು ಯಾರೂ ಗಾಡಿ ನಿಲ್ಲಿಸುವುದಿಲ್ಲ. ಈ ದಾರಿಯಲ್ಲಿ ಕೋಟೆಯನ್ನೂ ಶಾಸನವನ್ನೂ ಬಿಟ್ಟರೂ ಪರವಾಗಿಲ್ಲ, ಇಲ್ಲಿ ಐದು ನಿಮಿಷ ನಿಲ್ಲಿ ಎಂದು ನಾನು ಹೇಳುತ್ತೇನೆ. ಕೆಳಗೆ ಹರಿಯುವುದು ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆ. 1945ರ ಫೆಬ್ರವರಿಯಲ್ಲಿ ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳು ಅಣೆಕಟ್ಟಿಗೆ ಅಡಿಗಲ್ಲು ಹಾಕಿದವು. 1953ರ ಜುಲೈನಲ್ಲಿ ಕಾಲುವೆಗೆ ನೀರು ಬಿಟ್ಟರು. ನೀರು ತಾನಾಗಿ ಹರಿಯಬೇಕಾದರೆ ಕಾಲುವೆ ನೆಲದ ಏರಿಳಿತವನ್ನು ಅನುಸರಿಸಿಯೇ ಸಾಗಬೇಕು. ಹಾಗಾಗಿ ಅದರ ಕೆಳಗಿನ ಹೊಲಕ್ಕೆ ನೀರು ಸಿಗುತ್ತದೆ, ಮೇಲಿನ ಹೊಲಕ್ಕೆ ಇಲ್ಲ. ಸೇತುವೆಯ ಆಚೆ ಜೋಳ, ತೊಗರಿ, ಹತ್ತಿ. ಈಚೆ ಕಣ್ಣು ಹಾಯುವವರೆಗೆ ಭತ್ತ.

ಭತ್ತ ಈ ನಾಡಿಗೆ ಹೊಸದಲ್ಲ. ವಿಜಯನಗರದ ಅರಸರ ಕಾಲದ ಅಣೆಗಳಿಂದ ಹೊರಟ ಕಾಲುವೆಗಳು ಆಚೆ ದಂಡೆಯ ಸಿರುಗುಪ್ಪ, ದೇಶನೂರಿನ ಕಡೆ ಇಂದಿಗೂ ಗದ್ದೆಗೆ ನೀರುಣಿಸುತ್ತವೆ. ಆದರೆ ಅದು ಹೊಳೆದಂಡೆಯ ತೆಳುಪಟ್ಟಿ. ಅದನ್ನು ತಾಲ್ಲೂಕುಗಳ ಅಗಲಕ್ಕೆ ಹರಡಿದ್ದು 1953ರ ಕಾಲುವೆ. ಎಡದಂಡೆ ಯೋಜನೆಯ ಮೂಲ ಲೆಕ್ಕವೂ ಭತ್ತದ್ದಲ್ಲ. ಬರ ತಪ್ಪಿಸಲು ಸ್ವಲ್ಪ ನೀರನ್ನು ಬಹಳ ಜನಕ್ಕೆ ಹಂಚುವುದು, ಹೆಚ್ಚಿನ ಹೊಲಗಳಲ್ಲಿ ಜೋಳ, ಶೇಂಗಾ, ಹತ್ತಿಯಂಥ ಬೆಳೆಗೆ ಒಂದೆರಡು ತೇವ ಕೊಡುವುದು ಅದರ ಉದ್ದೇಶ. ಆಂಧ್ರದ ಡೆಲ್ಟಾ ಜಿಲ್ಲೆಗಳಿಂದ ಬಂದ ರೈತರು ಎರಿಭೂಮಿ ಕೊಂಡು, ಮಟ್ಟ ಮಾಡಿ, ಭತ್ತ ನಾಟಿ ಮಾಡಿದರು. ಅವರು ನೆಲೆಸಿದ ಊರುಗಳ ಹೆಸರಿನ ಕೊನೆಗೆ ಇವತ್ತಿಗೂ 'ಕ್ಯಾಂಪ್' ಇದೆ. ಅವರನ್ನು ನೋಡಿ ಸ್ಥಳೀಯರೂ ಭತ್ತಕ್ಕೆ ತಿರುಗಿದರು. ಕಾಲುವೆಯ ತಲೆಯಲ್ಲಿ ನೀರು ಹೆಚ್ಚು ಖರ್ಚಾದಂತೆ ಕೊನೆಭಾಗದ ಮಾನ್ವಿ, ಸಿರವಾರ, ರಾಯಚೂರಿನ ರೈತರು ಕಾಯುವುದು ರೂಢಿಯಾಯಿತು. ಕಾಲುವೆಯ ಮೇಲಿನ ಮಸ್ಕಿ ಸೀಮೆಯವರು ಕೃಷ್ಣೆಯ ನೀರಾದರೂ ಸಿಗಲಿ ಎಂದು 2020-21ರಲ್ಲಿ ಪಾಮನಕಲ್ಲೂರಿನಲ್ಲಿ ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಧರಣಿ ಕುಳಿತರು. ನೀರಿಲ್ಲದ ಹಳ್ಳಿಗಳವರು ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೆ ಗುಳೆ ಹೋಗುತ್ತಾರೆ. 'ಉತ್ತರ ಕರ್ನಾಟಕದ ರೊಟ್ಟಿ ಊಟ' ಎಂದು ಬೋರ್ಡು ಹಾಕಿದ ಬೆಂಗಳೂರಿನ ಕಟ್ಟಡದ ಗಾರೆ ಕೆಲಸದಲ್ಲಿ ಆ ಜೋಳ ಬೆಳೆದವರ ಕೈಯೂ ಇರಬಹುದು.

ಎರಡನೆಯ ಊಟ ಸಿಂಧನೂರಿನಲ್ಲಿ. ಅಕ್ಕಿ ಗಿರಣಿಗಳ ಈ ಪೇಟೆಯಲ್ಲಿ ಸೋನಾಮಸೂರಿ ಅನ್ನಕ್ಕೆ ಪಪ್ಪು, ಗೊಂಗುರ ಪಚ್ಚಡಿ, ಖಾರದ ಕೋಳಿ ಪುಲುಸು ಹಾಕಿಕೊಡುವ ಮೆಸ್ಸುಗಳು ಸಿಗುತ್ತವೆ. ಗೊಂಗುರವನ್ನು ಬಾಯಿಗಿಟ್ಟರೆ ಗೊತ್ತಾಗುತ್ತದೆ: ಲಿಂಗಸುಗೂರಿನಲ್ಲಿ ತಿಂದ ಪುಂಡಿಪಲ್ಯದ ಸೊಪ್ಪೇ ಅದು. ಅಲ್ಲಿ ಜೋಳದ ನುಚ್ಚಿನೊಡನೆ ಬೆಂದಿತ್ತು, ಇಲ್ಲಿ ಎಣ್ಣೆಯಲ್ಲಿ ಪಚ್ಚಡಿಯಾಗಿದೆ. ಸಿಂಧನೂರಿನ ಹತ್ತಿರದ ಪುನರ್ವಸತಿ ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿವೆ. ಅನ್ನ ಮತ್ತು ಮೀನಿನ ಆ ಜನಕ್ಕೆ ಕಾಲುವೆಯ ಕೆಳಗಿನ ನೆಲವೇ ಹೊಂದುವಂಥದ್ದು. ಪರಿಚಿತರ ಮೂಲಕ ಹೋದರೆ ಸಾಸಿವೆ ಎಣ್ಣೆಯಲ್ಲಿ ಕರಿದ ಮೀನಿನ ವಾಸನೆ ಬೀದಿಯಲ್ಲೇ ಎದುರಾಗುತ್ತದೆ. ಕುತೂಹಲಕ್ಕೆಂದು ಸುಮ್ಮನೆ ನುಗ್ಗಬಾರದು. ಅದು ಜನರ ಮನೆ.

ಸಂಜೆಯ ಬೆಳಕು ಇರುವಾಗಲೇ ಮುಕ್ಕುಂದಕ್ಕೆ ಇಳಿಯಿರಿ. ತುಂಗಭದ್ರೆಯ ಎಡದಂಡೆಯ ಊರು. ಇಲ್ಲಿ ಟಿಕೆಟ್ ಇಲ್ಲ, ಗೈಡ್ ಇಲ್ಲ, ಗದ್ದೆಯ ಕೊನೆಗೆ ಹೊಳೆ ಇದೆ. ಆಚೆ ದಂಡೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕು. ಅಲ್ಲಿನ ನಿಟ್ಟೂರು, ಉದೇಗೊಳದಲ್ಲಿ ಸಿಕ್ಕ ಬಂಡೆಗಳ ಮೇಲೂ ಅಶೋಕನ ಹೆಸರಿದೆ. ಎಂದರೆ ಹೆಸರು ಹೇಳಿಕೊಂಡ ಅಶೋಕ ಈ ಹೊಳೆಯ ಎರಡೂ ಕಡೆ ಇದ್ದಾನೆ. ಸಮಯವಿದ್ದರೆ ದಢೇಸುಗೂರಿನ ಸೇತುವೆ ದಾಟಿ ಮರುದಿನ ಅವನ್ನೂ ನೋಡಬಹುದು.

ಅಣೆಕಟ್ಟು ಕಟ್ಟಿದಾಗ ಅದರ ಹೊಟ್ಟೆಯಲ್ಲಿ ಸುಮಾರು 133 ಟಿಎಂಸಿ ಅಡಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಅದು ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ತುಂಬಿದ್ದ ನೀರು ಹೊಳೆಗೆ ಹರಿದುಹೋದಾಗ, ಆ ವರ್ಷದ ಭತ್ತದ ಬಗ್ಗೆ ಇಡೀ ಸೀಮೆ ದಿನಗಟ್ಟಲೆ ಉಸಿರು ಬಿಗಿಹಿಡಿದಿತ್ತು. ಅನ್ನದ ಸೀಮೆಯ ಚರಿತ್ರೆ ಎಪ್ಪತ್ತು ಚಿಲ್ಲರೆ ವರ್ಷದ್ದು, ಒಂದು ಚೈನಿನ ಮೇಲೆ ನಿಂತಿರುವಂಥದ್ದು. ರೊಟ್ಟಿಯ ಸೀಮೆ ಬರವನ್ನು ಎಷ್ಟೋ ಸಲ ಕಂಡಿದೆ, ಆದರೆ ಅದರ ಮಕ್ಕಳು ಊರು ಬಿಡುತ್ತಿದ್ದಾರೆ. ಬಂದವರು ಎರಡನ್ನೂ ಉಂಡು ಹೋಗಲಿ ಎಂಬುದು ನನ್ನ ಶಿಫಾರಸು. ಬರುವುದಾದರೆ ಎಳ್ಳಮಾವಾಸ್ಯೆಯ ಆಸುಪಾಸು ಬನ್ನಿ. ಆಗ ಮೇಲಿನ ಹೊಲಗಳಲ್ಲಿ ಜೋಳ ನಿಂತಿರುತ್ತದೆ, ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ ಕಟ್ಟಿಕೊಂಡು ಜನ ಚರಗ ಚೆಲ್ಲಲು ಹೋಗುತ್ತಿರುತ್ತಾರೆ. ದಾರಿಹೋಕರನ್ನೂ ಕೂಗಿ ಕರೆದು ಕೂರಿಸಿ ಉಣಿಸುವ ದಿನ ಅದು. ಅವತ್ತು ಖಾನಾವಳಿ ಹುಡುಕುವ ಕೆಲಸವಿರುವುದಿಲ್ಲ.