ಕೊಪಾನ್: ಒಂದು ಮಾಯಾ ರಾಜಧಾನಿಯ ಅವಶೇಷಗಳು

ಮಧ್ಯ ಅಮೆರಿಕದ ಹೊಂಡುರಾಸ್ ದೇಶದ ಪಶ್ಚಿಮದಂಚಿನಲ್ಲಿ, ಗ್ವಾಟೆಮಾಲ ಗಡಿಯ ಸಮೀಪದಲ್ಲಿರುವ ಪ್ರಾಚೀನ ಮಾಯಾ ನಗರ. ಅದೇ ಹೆಸರಿನ ನದಿಯ ದಂಡೆಯ ಮೇಲೆ, ಬೆಟ್ಟಗಳು ಸುತ್ತುವರಿದ ಫಲವತ್ತಾದ ಕಣಿವೆಯಲ್ಲಿದೆ. ವಿಸ್ತಾರದಲ್ಲೂ ಪಿರಮಿಡ್ಡುಗಳ ಎತ್ತರದಲ್ಲೂ ಗ್ವಾಟೆಮಾಲದ ಟಿಕಾಲ್ ಇದಕ್ಕಿಂತ ದೊಡ್ಡದು. ಆದರೆ ಶಿಲ್ಪ ಮತ್ತು ಶಾಸನಗಳಲ್ಲಿ ಕೊಪಾನ್‌ಗೆ ಸರಿಸಾಟಿ ಕಡಿಮೆ. ಇದಕ್ಕೆ ಕಲ್ಲೂ ಒಂದು ಕಾರಣ. ಬಹುತೇಕ ಮಾಯಾ ನಗರಗಳು ಸುಣ್ಣಕಲ್ಲನ್ನು ಬಳಸಿದರೆ ಇಲ್ಲಿ ಸಿಗುವುದು ಹಸಿರು ಛಾಯೆಯ, ಉಳಿಗೆ ಸುಲಭವಾಗಿ ಒಗ್ಗುವ ಜ್ವಾಲಾಮುಖಿ ಕಲ್ಲು. ಹಾಗಾಗಿ ಬೇರೆಡೆ ಉಬ್ಬುಶಿಲ್ಪವಾಗಿ ಉಳಿದ ದೊರೆಗಳು ಇಲ್ಲಿ ಕಂಬದಿಂದ ಹೊರಬಂದು ಮೈದುಂಬಿ ನಿಂತಿದ್ದಾರೆ.

ಕಣಿವೆಯಲ್ಲಿ ಬೇಸಾಯದ ಹಳ್ಳಿಗಳು ಕ್ರಿಸ್ತಪೂರ್ವದಲ್ಲೇ ಇದ್ದವು. ರಾಜವಂಶದ ಕಥೆ ಮೊದಲಾಗುವುದು ಕ್ರಿ.ಶ. 426–27ರಲ್ಲಿ, ಕಿನಿಚ್ ಯಾಶ್ ಕುಕ್ ಮೋ ಎಂಬಾತನ ಆಗಮನದಿಂದ. ಶಾಸನಗಳು ಅವನನ್ನು ಹೊರಗಿನಿಂದ ಬಂದವನೆಂದೇ ಹೇಳುತ್ತವೆ. ಮುಂದಿನ ಶಿಲ್ಪಿಗಳು ಅವನಿಗೆ ದೂರದ ಮೆಕ್ಸಿಕೊದ ತಿಯೋತಿವಾಕಾನ್ ನಗರದ ಶೈಲಿಯ ದುಂಡು ಕಣ್ಕಟ್ಟುಗಳನ್ನು ತೊಡಿಸಿದರು. ಆದರೆ ಅವನದೆಂದು ನಂಬಲಾದ ಸಮಾಧಿಯ ಮೂಳೆಗಳ ರಾಸಾಯನಿಕ ಪರೀಕ್ಷೆ ಬೇರೆಯದನ್ನೇ ಸೂಚಿಸಿತು: ಆ ವ್ಯಕ್ತಿ ಬೆಳೆದದ್ದು ಮಾಯಾ ನಾಡಿನ ಒಳಭಾಗದಲ್ಲೇ.

ವಂಶದ ಹದಿಮೂರನೆಯ ದೊರೆ ವಶಕ್‌ಲಾಹುನ್ ಉಬಾಹ್ ಕಾವೀಲ್ (ಆಳ್ವಿಕೆ 695–738). ಮಹಾ ಅಂಗಳದಲ್ಲಿ ಇಂದು ಪ್ರವಾಸಿಗರು ಸುತ್ತುಹಾಕುವ ಶಿಲಾಸ್ತಂಭಗಳಲ್ಲಿ ಹೆಚ್ಚಿನವು ಅವನು ನಿಲ್ಲಿಸಿದವು. ಚೆಂಡಾಟದ ಅಂಕಣಕ್ಕೆ ಕೊನೆಯ ರೂಪ ಕೊಟ್ಟವನೂ ಅವನೇ. ಅದು ಮುಗಿದ ವರ್ಷವೇ, 738ರಲ್ಲಿ, ಕೊಪಾನ್‌ಗೆ ಅಧೀನವಾಗಿದ್ದ ಕಿರಿಗ್ವಾ ನಗರದ ದೊರೆ ಅವನನ್ನು ಸೆರೆಹಿಡಿದು ತಲೆ ಕಡಿಸಿದ. ಸಾಮಂತನ ಕೈಯಲ್ಲಿ ಸಾಮ್ರಾಟನ ಸಾವು! ಕೊಪಾನ್ ಈ ಅವಮಾನಕ್ಕೆ ಬರಹದಿಂದಲೇ ಉತ್ತರ ಕೊಟ್ಟಿತು. ಹದಿನೈದನೆಯ ದೊರೆಯ ಕಾಲದಲ್ಲಿ ಪೂರ್ಣಗೊಂಡ ಚಿತ್ರಲಿಪಿ ಮೆಟ್ಟಿಲುಸಾಲಿನಲ್ಲಿ 60ಕ್ಕೂ ಹೆಚ್ಚು ಮೆಟ್ಟಿಲುಗಳಿವೆ, ಸುಮಾರು 2,200 ಲಿಪಿಚಿಹ್ನೆಗಳಿವೆ. ಮಾಯಾ ಜಗತ್ತಿನಲ್ಲಿ ಇದಕ್ಕಿಂತ ಉದ್ದನೆಯ ಶಾಸನ ಸಿಕ್ಕಿಲ್ಲ. ಹಿಂದಿನ ದೊರೆಗಳ ಹಿರಿಮೆ ಹಾಡುವ ಈ ಪಾಠ ತಲೆ ಕಳೆದುಕೊಂಡವನನ್ನು ಯುದ್ಧದಲ್ಲಿ ಮಡಿದ ವೀರನನ್ನಾಗಿ ಚಿತ್ರಿಸುತ್ತದೆ. ರಾಜಶಾಸನಗಳನ್ನು ಎಷ್ಟು ನಂಬಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಡ.

ಹದಿನಾರನೆಯ ದೊರೆ ಯಾಶ್ ಪಸಾಹ್ 776ರಲ್ಲಿ ‘ಕ್ಯೂ’ ಎಂಬ ಅಕ್ಷರದಿಂದ ಗುರುತಿಸಲಾಗುವ ಚೌಕ ಪೀಠವನ್ನು ಕೆತ್ತಿಸಿದ. ನಾಲ್ಕು ಮುಖ, ಮುಖಕ್ಕೆ ನಾಲ್ವರಂತೆ ಹದಿನಾರು ದೊರೆಗಳು. ಮೂಲಪುರುಷ ತನ್ನ ಕೈಯ ರಾಜದಂಡವನ್ನು ನೇರವಾಗಿ ಯಾಶ್ ಪಸಾಹ್‌ಗೆ ನೀಡುತ್ತಿದ್ದಾನೆ. ಪೀಠದ ಬಳಿಯ ಗುಂಡಿಯಲ್ಲಿ ಪೂರ್ವಜರ ಲೆಕ್ಕಕ್ಕೆ ಹದಿನೈದು ಜಾಗ್ವಾರ್‌ಗಳ ಮೂಳೆಗಳು ದೊರೆತಿವೆ. ಅಷ್ಟು ಹೊತ್ತಿಗೆ ಕಣಿವೆಯಲ್ಲಿ ಜನ ಹೆಚ್ಚಾಗಿ, ಒಳ್ಳೆಯ ಹೊಲಗಳ ಮೇಲೆ ಮನೆಗಳು ಎದ್ದಿದ್ದವು. ಅಪೌಷ್ಟಿಕತೆಯ ಗುರುತು ಅಸ್ಥಿಪಂಜರಗಳಲ್ಲಿ ಕಾಣುತ್ತದೆ. 822ರ ಇನ್ನೊಂದು ಪೀಠದಲ್ಲಿ ಉಕಿತ್ ತೋಕ್ ಎಂಬಾತ ಅದೇ ಬಗೆಯ ಚಿತ್ರ ಕೆತ್ತಿಸಲು ಹೊರಟ. ಪೂರ್ತಿಯಾದದ್ದು ಒಂದು ಮುಖ ಮಾತ್ರ. ವಂಶದ ಶಾಸನಗಳು ಅಲ್ಲಿಗೆ ನಿಲ್ಲುತ್ತವೆ.

ಸ್ಪೇನಿನ ಅಧಿಕಾರಿ ಡಿಯೇಗೊ ಗಾರ್ಸಿಯಾ ದೆ ಪಲಾಸಿಯೊ 1576ರಲ್ಲಿ ತನ್ನ ರಾಜನಿಗೆ ಬರೆದ ಪತ್ರದಲ್ಲಿ ಈ ಅವಶೇಷಗಳನ್ನು ವರ್ಣಿಸಿದ. ಜಗತ್ತಿನ ಗಮನ ಸೆಳೆದವರು ಮಾತ್ರ ಅಮೆರಿಕದ ಜಾನ್ ಲಾಯ್ಡ್ ಸ್ಟೀಫನ್ಸ್ ಮತ್ತು ಇಂಗ್ಲೆಂಡಿನ ಚಿತ್ರಕಾರ ಫ್ರೆಡ್ರಿಕ್ ಕ್ಯಾದರ್‌ವುಡ್. 1839ರಲ್ಲಿ ಬಂದ ಸ್ಟೀಫನ್ಸ್ ಇಡೀ ನಗರವನ್ನು 50 ಡಾಲರಿಗೆ ಕೊಂಡ. ಕಲ್ಲುಗಳನ್ನು ನ್ಯೂಯಾರ್ಕಿಗೆ ಸಾಗಿಸುವ ಕನಸೂ ಅವನಿಗಿತ್ತು. ಅದು ಈಡೇರಲಿಲ್ಲ ಎಂಬುದು ಕೊಪಾನ್‌ನ ಪುಣ್ಯ. ಈ ಕಲ್ಲುಗಳಲ್ಲಿ ಒಂದು ಜನಾಂಗದ ಚರಿತ್ರೆಯೇ ಬರೆದಿದೆ ಎಂದು ಅವನು ಊಹಿಸಿದ್ದ. ಆಮೇಲೆ ಬಂದ ವಿದ್ವಾಂಸರು ಅಷ್ಟು ಸರಳವಾಗಿ ಯೋಚಿಸಲಿಲ್ಲ. ಹದಿನಾರು ದೊರೆಗಳ ಪೀಠವನ್ನು ಅವರು ಬಹುಕಾಲ ಖಗೋಳಜ್ಞರ ಸಮ್ಮೇಳನದ ಚಿತ್ರವೆಂದು ಭಾವಿಸಿದ್ದರು. 1950ರ ದಶಕದಲ್ಲಿ ಯೂರಿ ಕ್ನೊರೊಜೊವ್ ಲಿಪಿಯ ಧ್ವನಿಮೌಲ್ಯಗಳನ್ನು ತೋರಿಸಿ, 1960ರಲ್ಲಿ ತತಿಯಾನಾ ಪ್ರೊಸ್ಕುರಿಯಾಕೊಫ್ ಇನ್ನೊಂದು ನಗರದ ಶಾಸನಗಳಲ್ಲಿ ರಾಜರ ಜನನ, ಪಟ್ಟಾಭಿಷೇಕಗಳನ್ನು ಗುರುತಿಸಿದ ಮೇಲೆ ಸ್ಟೀಫನ್ಸ್‌ನ ಊಹೆಯೇ ಸರಿಯೆಂದಾಯಿತು.

ತಪ್ಪು ಓದುಗಳಲ್ಲಿ ಒಂದು ಭಾರತದವರೆಗೂ ಬಂದಿತ್ತು. 731ರ ‘ಬಿ’ ಸ್ತಂಭದ ಮೇಲ್ತುದಿಯ ಎರಡು ಕೊಕ್ಕುಗಳನ್ನು ಆನೆಯ ಸೊಂಡಿಲುಗಳೆಂದೂ, ಪಕ್ಕದ ಮನುಷ್ಯರನ್ನು ಮಾವುತರೆಂದೂ ಬಗೆದು ಆಸ್ಟ್ರೇಲಿಯಾ ಮೂಲದ ಗ್ರಾಫ್ಟನ್ ಎಲಿಯಟ್ ಸ್ಮಿತ್ 1924ರಲ್ಲಿ ಪುಸ್ತಕವನ್ನೇ ಬರೆದು, ಭಾರತದ ಪ್ರಭಾವವನ್ನು ಸಾರಿದ. ಅವು ಮಕಾವ್ ಗಿಳಿಗಳ ಕೊಕ್ಕುಗಳು. ಅದೇ ಸ್ತಂಭದ ಬರಹ ‘ಮಕಾವ್ ಬೆಟ್ಟ’ ಎಂಬ ಜಾಗವನ್ನು ಹೆಸರಿಸುತ್ತದೆ. ಭಾರತೀಯರು ಅಮೆರಿಕಕ್ಕೆ ನಾಗರಿಕತೆ ಕಲಿಸಿದರೆಂದು ಹೆಮ್ಮೆಪಡಲು ಇದನ್ನು ಎಳೆದು ತರುವವರು ಗಿಳಿಯನ್ನು ಮರೆಯಬಾರದು.

ಹಾರ್ವರ್ಡ್‌ನ ಪೀಬಾಡಿ ಮ್ಯೂಸಿಯಂ 1891ರಲ್ಲಿ ಉತ್ಖನನ ಆರಂಭಿಸಿತು. ಅದರ ಮುಖಂಡ ಜಾನ್ ಓವೆನ್ಸ್ 1893ರಲ್ಲಿ ಜ್ವರದಿಂದ ಅಲ್ಲೇ ತೀರಿಕೊಂಡ. 1930ರ ದಶಕದಲ್ಲಿ ಕಾರ್ನೆಗಿ ಸಂಸ್ಥೆಯ ಪರವಾಗಿ ಗುಸ್ತಾವ್ ಸ್ಟ್ರಾಮ್ಸ್‌ವಿಕ್ ಎರಡು ದೊಡ್ಡ ಕೆಲಸ ಮಾಡಿದ. ಕೋಟೆಯಂತೆ ಎದ್ದ ರಾಜಗುಡ್ಡದ ಪೂರ್ವ ಭಾಗವನ್ನು ಕೊರೆಯುತ್ತಿದ್ದ ನದಿಯನ್ನು ಬೇರೆ ಕಡೆ ತಿರುಗಿಸಿದ. ಕುಸಿದಿದ್ದ ಮೆಟ್ಟಿಲುಸಾಲನ್ನು ಮತ್ತೆ ಕಟ್ಟಿಸಿದ. ಲಿಪಿ ಇನ್ನೂ ಬಿಡಿಸಿರದ ಕಾರಣ ಬಹಳಷ್ಟು ಕಲ್ಲುಗಳು ಕ್ರಮ ತಪ್ಪಿದವು. ನದಿ ಕೊರೆದ ಗೋಡೆಯಲ್ಲಿ ಒಂದರ ಮೇಲೊಂದು ಕಟ್ಟಿದ ಹಂತಗಳು ಬಯಲಾಗಿದ್ದವು. ಮುಂದೆ ವಿದ್ವಾಂಸರು ಗುಡ್ಡದೊಳಗೆ ಕಿಲೋಮೀಟರುಗಟ್ಟಲೆ ಸುರಂಗ ತೋಡಲು ಅದೇ ದಾರಿ ತೋರಿತು. 1989ರಲ್ಲಿ ಹೊಂಡುರಾಸ್‌ನ ರಿಕಾರ್ಡೊ ಅಗುರ್ಸಿಯಾ ಒಂದು ಪಿರಮಿಡ್ಡಿನ ಒಡಲಲ್ಲಿ ಆರನೆಯ ಶತಮಾನದ ರೊಸಲೀಲಾ ದೇವಾಲಯವನ್ನು ಕಂಡರು. ಹಳೆಯದನ್ನು ಒಡೆದು ಹೊಸದನ್ನು ಕಟ್ಟುವುದು ಇಲ್ಲಿನ ರೂಢಿ; ಇದನ್ನು ಮಾತ್ರ ಗಾರೆಯ ಮುಖವಾಡಗಳು, ಕೆಂಪು ಬಣ್ಣದ ಸಮೇತ ಜತನವಾಗಿ ಹೂತಿದ್ದರು.

ಯುನೆಸ್ಕೊ 1980ರಲ್ಲಿ ಕೊಪಾನ್ ಅನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಶಾಸನಗಳ ಭಾಷೆಗೆ ಹತ್ತಿರದ ಚೋರ್ತಿ ಮಾಯಾ ನುಡಿ ಗಡಿಯಾಚೆಯ ಗ್ವಾಟೆಮಾಲದಲ್ಲಿ ಇಂದೂ ಜೀವಂತವಾಗಿದೆ. ಮಳೆಬಿಸಿಲಿಗೆ ಸವೆಯುತ್ತಿರುವ ಹಲವು ಮೂಲ ಶಿಲ್ಪಗಳನ್ನು 1996ರಲ್ಲಿ ತೆರೆದ ಶಿಲ್ಪ ಸಂಗ್ರಹಾಲಯಕ್ಕೆ ಸಾಗಿಸಿ, ಬಯಲಿನಲ್ಲಿ ಅವುಗಳ ನಕಲುಗಳನ್ನು ಇಡಲಾಗಿದೆ. ಬಣ್ಣ ಬಳಿದ ರೊಸಲೀಲಾದ ಪೂರ್ಣಗಾತ್ರದ ಪ್ರತಿಕೃತಿಯೂ ಆ ಸಂಗ್ರಹಾಲಯದ ನಡುವೆಯೇ ಇದೆ.